ಜುಟ್ಟಿನಿಂದ ಗುಳಿಗೆಯವರೆಗೆ



ಮೈಸೂರಿನಲ್ಲಿ ಓದುತ್ತಿರುವ, ಈಗಷ್ಟೇ ಕೆಲಸಕ್ಕೆ ಸೇರಿರುವ ಎಷ್ಟೋ ಹುಡುಗರು ಕನ್ನಡಿ ಮುಂದೆ ನಿಂತಾಗ ಮೊದಲು ನೋಡಿಕೊಳ್ಳುವುದು ಹಣೆಯ ಎರಡು ಮೂಲೆಗಳನ್ನು. ಕೂದಲು ಹಿಂದೆ ಸರಿಯುತ್ತಿದೆಯೇ ಎನ್ನುವುದು ಒಂದು ಚಿಂತೆ. ಅದಕ್ಕೆ ಗುಳಿಗೆ ನುಂಗಿದರೆ ಗಂಡಸುತನಕ್ಕೇ ಪೆಟ್ಟು ಬಿದ್ದೀತೇ ಎನ್ನುವುದು ಇನ್ನೊಂದು. ಎರಡನ್ನೂ ಮನೆಯವರ ಹತ್ತಿರ ಬಾಯಿಬಿಟ್ಟು ಹೇಳಲಾರರು. ಈ ಚಿಂತೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದರ ಚರಿತ್ರೆ ಗೊತ್ತಿದ್ದರೆ ನಿರ್ಧಾರ ಮಾಡುವುದು ಸುಲಭ ಎಂದು ಈ ಮಾತು.

ನೂರು ವರ್ಷದ ಹಿಂದಿನ ಮೈಸೂರಿನ ಫೋಟೊ ಒಂದನ್ನು ತೆಗೆದು ನೋಡಿ. ಮಹಾರಾಜಾ ಕಾಲೇಜಿನ ಮೇಷ್ಟರು, ಸರ್ಕಾರಿ ಅಧಿಕಾರಿಗಳು ಸಾಲಾಗಿ ಕುಳಿತಿರುತ್ತಾರೆ, ತಲೆಯ ಮೇಲೆ ಜರಿಪೇಟ. ಅರಮನೆಯ ದರ್ಬಾರಿಗಂತೂ ಪೇಟವಿಲ್ಲದೆ ಹೋಗುವಂತೆಯೇ ಇರಲಿಲ್ಲ. ಎಷ್ಟೋ ಜನರಿಗೆ ಆ ಪೇಟದ ಕೆಳಗೆ ಜುಟ್ಟು. ಜುಟ್ಟು ಬಿಟ್ಟವರು ಮುಂದಲೆಯನ್ನು ನಡುನೆತ್ತಿಯ ತನಕ ಬೋಳಿಸಿಕೊಳ್ಳುತ್ತಿದ್ದರು. ಕತ್ತಿಗೆ ಹೋಗುವ ಕೂದಲು ತಾನಾಗಿ ಉದುರಿದರೆ ಗೊತ್ತಾಗುವುದಾದರೂ ಹೇಗೆ? ಎಲ್ಲ ಜಾತಿಯವರದೂ ಇದೇ ರೀತಿ ಇತ್ತು ಎನ್ನುತ್ತಿಲ್ಲ. ಆದರೆ ಓದಿ ನೌಕರಿ ಹಿಡಿದ ವರ್ಗದ ಗಂಡಸರು ಜುಟ್ಟು ತೆಗೆಸಿ ಕ್ರಾಪು ಬಿಟ್ಟಾಗ, ಆಮೇಲೆ ಪೇಟವನ್ನೂ ಸನ್ಮಾನದ ವೇದಿಕೆಗೆ ಬಿಟ್ಟುಕೊಟ್ಟಾಗ, ಮುಂದಲೆ ಮೊದಲ ಸಲ ಊರಿನ ಕಣ್ಣಿಗೆ ಬಿತ್ತು. ಬೈತಲೆ ತೆಗೆದು ಬಾಚುವ ಕ್ರಾಪಿಗೆ ಮುಂದಲೆಯೇ ಆಧಾರ. ನಮ್ಮ ಇಂದಿನ ಸಂಕಟದ ಅರ್ಧಪಾಲು ಹುಟ್ಟಿದ್ದು ಅಲ್ಲಿ ಎಂದು ನನಗನಿಸುತ್ತದೆ.

ಹಾಗೆಂದು ಕೂದಲುದುರುವ ಬೇಸರವೇ ಹೊಸದು ಎನ್ನುವಂತಿಲ್ಲ. ಸುಮಾರು ಮೂರೂವರೆ ಸಾವಿರ ವರ್ಷ ಹಳೆಯದಾದ ಈಜಿಪ್ಟಿನ ಏಬರ್ಸ್ ಹಸ್ತಪ್ರತಿಯಲ್ಲಿ ಬೋಳುತಲೆಗೆ ಪ್ರಾಣಿಗಳ ಕೊಬ್ಬಿನ ಲೇಪ ಹೇಳಿದೆ. ನಮ್ಮ ಚರಕ ಖಾಲಿತ್ಯದ ಮಾತಾಡಿದರೆ ಸುಶ್ರುತ ಇಂದ್ರಲುಪ್ತಕ್ಕೆ ಚಿಕಿತ್ಸೆ ಬರೆದಿದ್ದಾನೆ. ಆ ವಿದ್ಯೆಯನ್ನು ಕಲಿಸಲು ಮೈಸೂರಿನಲ್ಲಿ 1908ರಲ್ಲೇ ಆಯುರ್ವೇದ ಕಾಲೇಜು ಶುರುವಾಯಿತು. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗುವಾಗ ದಾಟುವ ಆಯುರ್ವೇದ ವೃತ್ತಕ್ಕೆ ಹೆಸರು ಬಂದದ್ದು ಅದರಿಂದ. ಕೂದಲಿಗೆ ಹೇಳುವ ಗಿಡಗಳಲ್ಲಿ ಮೊದಲನೆಯದು ಭೃಂಗರಾಜ, ನಮ್ಮ ಗರುಗದ ಸೊಪ್ಪು. ಗದ್ದೆಯ ಬದುವಿನಲ್ಲಿ, ನಾಲೆಯ ಅಂಚಿನಲ್ಲಿ ಬಿಳಿ ಗುಂಡಿಯಂಥ ಹೂ ಬಿಟ್ಟು ನಿಂತಿರುತ್ತದೆ. ಎಲೆ ಕಿತ್ತು ಬೆರಳಲ್ಲಿ ಹೊಸಕಿದರೆ ಹಸಿರು ರಸ ನೋಡನೋಡುತ್ತಲೇ ಕಪ್ಪಾಗುತ್ತದೆ. ಆ ಕಪ್ಪನ್ನು ಕಂಡವರಿಗೆ ಅದರ ಮೇಲೆ ನಂಬಿಕೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ನಂಬಿಕೆಯ ಇನ್ನೊಂದು ಅಧ್ಯಾಯ ನಮ್ಮ ಜಿಲ್ಲೆಯದೇ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಮನೆಯಲ್ಲಿ ವಾಗ್ರಿ ಮಾತಾಡುತ್ತಾರೆ, ಕಸುಬು ಹಕ್ಕಿ ಹಿಡಿಯುವುದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಆ ಕಸುಬಿಗೆ ದಾರಿ ಇಲ್ಲವಾಯಿತು. ಗಿಡಮೂಲಿಕೆ, ಎಣ್ಣೆ ಹೊತ್ತು ಊರೂರು ತಿರುಗಿದರು, ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದ ನಡುವೆ ಸಿಕ್ಕಿಬಿದ್ದ ಕನ್ನಡನಾಡಿನ ಹಕ್ಕಿಪಿಕ್ಕಿಗಳ ಸುದ್ದಿ ನೀವೂ ಕೇಳಿರುತ್ತೀರಿ. ಈಚೆಗೆ ಅವರ 'ಆದಿವಾಸಿ ಹೇರ್ ಆಯಿಲ್' ಮೊಬೈಲ್ ಮೂಲಕ ದೇಶವೆಲ್ಲ ಹರಡಿದೆ. ಮೊಳಕಾಲು ಮುಟ್ಟುವ ಕೂದಲು ಬಿಟ್ಟುಕೊಂಡು ಗಂಡಸರು ಹೆಂಗಸರು ನಿಂತಿರುವ ವಿಡಿಯೊಗಳು ಬರುತ್ತವೆ. ಕಾಡು ಕೈಬಿಟ್ಟ ಮೇಲೂ ಸ್ವಂತ ದುಡಿಮೆಯಿಂದ ತಲೆಯೆತ್ತಿದ ಆ ಜನರ ಬಗ್ಗೆ ನನಗೆ ಗೌರವವಿದೆ. ಆದರೂ ಕೊಳ್ಳುವ ಹುಡುಗನಿಗೆ ಒಂದು ಮಾತು ಹೇಳಲೇಬೇಕು. ಎಣ್ಣೆ ಇರುವ ಕೂದಲಿಗೆ ಮೆರುಗು ಕೊಡುತ್ತದೆ, ತುಂಡಾಗುವುದನ್ನು ತಪ್ಪಿಸುತ್ತದೆ. ಹಣೆಯ ಮೂಲೆಯಲ್ಲಿ ಸರಿಯುವ ಕೂದಲನ್ನು ಯಾವುದೇ ಎಣ್ಣೆ ತಡೆದು ನಿಲ್ಲಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೋಳುತಲೆ ವಾಸಿಮಾಡುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದು ಎಂದು ನಮ್ಮ ದೇಶದ ಔಷಧ ನಿಯಮಗಳ 'ಜೆ' ಅನುಸೂಚಿಯೇ ಹೇಳುತ್ತದೆ.

ಕೂದಲು ಹೀಗೆ ಸರಿಯುವ ಕಾರಣ ಇರುವುದು ಹಾರ್ಮೋನಿನಲ್ಲಿ, ಮನೆತನದಲ್ಲಿ. 1942ರಲ್ಲಿ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಪ್ರಾಯಕ್ಕೆ ಮುಂಚೆಯೇ ವೃಷಣ ಕಳೆದುಕೊಂಡವರನ್ನು ಪರೀಕ್ಷಿಸಿ, ಅವರಿಗೆ ತಲೆ ಬೋಳಾಗುವುದಿಲ್ಲ ಎಂದು ತೋರಿಸಿದ. ಅವರಿಗೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಹೋಗತೊಡಗಿತು. ಟೋಪಿ, ಶಾಂಪೂ, ಕಾವೇರಿ ನೀರು ಯಾವುದೂ ಇದಕ್ಕೆ ಹೊಣೆಯಲ್ಲ.

ಔಷಧ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಮಿನಾಕ್ಸಿಡಿಲ್ ಅಧಿಕ ರಕ್ತದೊತ್ತಡದ ಗುಳಿಗೆಯಾಗಿ 1979ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯುವುದನ್ನು ಕಂಡು ನೆತ್ತಿಗೆ ಹಚ್ಚುವ ದ್ರವ ಮಾಡಿದರು, ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಫಿನಾಸ್ಟೆರೈಡ್‌ನ ಕಥೆ ಇನ್ನೂ ವಿಚಿತ್ರ. ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟುವಾಗ ಹೆಣ್ಣಿನಂತೆ ಕಂಡು, ಪ್ರಾಯಕ್ಕೆ ಬಂದಾಗ ಗಂಡಾಗುವ ಮಕ್ಕಳಿದ್ದರು. ಟೆಸ್ಟೋಸ್ಟಿರಾನನ್ನು ಡಿಎಚ್‌ಟಿ ಎಂಬ ಹಾರ್ಮೋನಾಗಿ ಬದಲಿಸುವ ಕಿಣ್ವದ ಕೊರತೆ ಅವರಿಗಿತ್ತು. 1974ರಲ್ಲಿ ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅದನ್ನು ವರದಿ ಮಾಡಿದರು. ದೊಡ್ಡವರಾದ ಮೇಲೂ ಆ ಗಂಡಸರ ಪ್ರೋಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಇತ್ತು, ಮುಂದಲೆಯ ಕೂದಲು ಹಿಂದೆ ಸರಿದಿರಲಿಲ್ಲ. ಆ ಕಿಣ್ವವನ್ನು ತಡೆಯುವ ಗುಳಿಗೆಯನ್ನು ಮರ್ಕ್ ಕಂಪನಿ 1992ರಲ್ಲಿ ಪ್ರೋಸ್ಟೇಟ್‌ಗೆ, 1997ರಲ್ಲಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಕೂದಲಿಗೆ ತಂದಿತು.

ಈಗ ಭಯದ ಮಾತು. ಕಂಪನಿಯ ಪರೀಕ್ಷೆಗಳಲ್ಲಿ ಫಿನಾಸ್ಟೆರೈಡ್ ನುಂಗಿ, ಆಸಕ್ತಿ ತಗ್ಗುವುದೇ ಮೊದಲಾದ ಲೈಂಗಿಕ ತೊಂದರೆ ಹೇಳಿಕೊಂಡವರು ಶೇಕಡ 3.8, ಔಷಧವಿಲ್ಲದ ಬರೀ ಸಪ್ಪೆ ಗುಳಿಗೆ ನುಂಗಿದವರಲ್ಲಿ ಶೇಕಡ 2.1. ಅಂದರೆ ಬಹುಪಾಲು ಜನರಿಗೆ ಏನೂ ಆಗದು, ಆದವರಲ್ಲೂ ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಆದರೆ ನಿಲ್ಲಿಸಿದ ಮೇಲೂ ತೊಂದರೆ ಉಳಿಯಿತು ಎಂದವರಿದ್ದಾರೆ. ಅಮೆರಿಕದ ಔಷಧ ಆಡಳಿತ 2012ರಲ್ಲಿ ಅದನ್ನು ಔಷಧದ ಮಾಹಿತಿಪತ್ರಕ್ಕೆ ಸೇರಿಸಿತು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ, ಆತ್ಮಹತ್ಯೆಯ ಯೋಚನೆ ಬರುವುದೂ ಈ ಗುಳಿಗೆಯ ಅಡ್ಡಪರಿಣಾಮ ಎಂದು ಹೇಳಿತು. ಹಾಗಾಗಿ ಹೆದರಿದವರನ್ನು 'ಎಲ್ಲ ನಿನ್ನ ಭ್ರಮೆ' ಎಂದು ಬಾಯಿ ಮುಚ್ಚಿಸುವುದು ತಪ್ಪು. ಗೆಳೆಯ ಹೇಳಿದ ಎಂದು ಅಂಗಡಿಯಲ್ಲಿ ಕೊಂಡು ನುಂಗುವುದೂ ಅಷ್ಟೇ ತಪ್ಪು.

ಇನ್ನೊಂದು ಒತ್ತಡ ಮದುವೆಯದು. 2017ರಲ್ಲಿ ಬಂದ ರಾಜ್ ಬಿ. ಶೆಟ್ಟರ 'ಒಂದು ಮೊಟ್ಟೆಯ ಕಥೆ' ಸಿನಿಮಾದಲ್ಲಿ ಹೆಣ್ಣು ನೋಡಿ ನೋಡಿ ಸೋತ ಬೋಳುತಲೆಯ ಕನ್ನಡ ಮೇಷ್ಟರನ್ನು ಕಂಡು ನಕ್ಕವರಲ್ಲಿ ಎಷ್ಟೋ ಮಂದಿ ಒಳಗೊಳಗೆ ನೊಂದಿರಬೇಕು. ಆ ಮೇಷ್ಟರ ಆರಾಧ್ಯದೈವ ಡಾ. ರಾಜ್‌ಕುಮಾರ್. ಗಾಜನೂರಿನ ನಮ್ಮ ಆ ಅಣ್ಣಾವ್ರು ತೆರೆಯ ಮೇಲೆ ವಿಗ್ ಧರಿಸಿದರೂ ಜನರ ಮುಂದೆ ಬಿಳಿ ಪಂಚೆ, ಬಿಳಿ ಅಂಗಿ, ಬೋಳುತಲೆಯಲ್ಲೇ ಬಂದು ನಿಲ್ಲುತ್ತಿದ್ದರು. ನಾಡು ಅವರನ್ನು ಪ್ರೀತಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಚಿಕಿತ್ಸೆ ಬೇಕೆನಿಸಿದವರು ಕೆ.ಆರ್. ಆಸ್ಪತ್ರೆಯಲ್ಲಾಗಲಿ, ನಂಬಿಕೆಯ ಬೇರೆ ಕಡೆಯಾಗಲಿ ಚರ್ಮವೈದ್ಯರನ್ನು ಕಾಣಿ. ಮನಸ್ಸಿನ ಖಿನ್ನತೆ ಮೊದಲೇ ಇದ್ದರೆ ಮುಚ್ಚಿಡದೆ ಹೇಳಿ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು, ಅದಕ್ಕೆ ಗಾಬರಿ ಬೇಡ. ಎರಡೂ ಔಷಧಗಳ ಗುಣ ಕಾಣಲು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಒಡೆದ, ಪುಡಿಯಾದ ಫಿನಾಸ್ಟೆರೈಡ್ ಗುಳಿಗೆಯನ್ನು ಗರ್ಭಿಣಿಯರು ಮುಟ್ಟಬಾರದು. ಅದನ್ನು ನುಂಗುವವರು ರಕ್ತದಾನ ಮಾಡುವಂತಿಲ್ಲ. ಪ್ರೋಸ್ಟೇಟ್‌ಗೆಂದು ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ ಈ ಗುಳಿಗೆಯ ವಿಷಯ ವೈದ್ಯರಿಗೆ ತಿಳಿಸಿ, ಏಕೆಂದರೆ ಅದು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿ ತೋರಿಸುತ್ತದೆ.