ಕೊಕ್ಕೆಸೂಜಿಯ ಓನಾಮ



ಮೂರು ದಶಕಗಳಿಗೂ ಮಿಕ್ಕು ಹಳಗನ್ನಡ ಪಾಠ ಹೇಳಿದ ಮನುಷ್ಯನೊಬ್ಬ ನಿವೃತ್ತನಾದ ಮೇಲೆ ಏನು ಮಾಡಬಹುದು? ಗ್ರಂಥಸಂಪಾದನೆ ಮಾಡಬಹುದು, ಆತ್ಮಕಥೆ ಬರೆಯಬಹುದು, ಇವೆರಡೂ ಕೈಗೂಡದಿದ್ದರೆ ಸನ್ಮಾನ ಸಮಾರಂಭಗಳ ಅಧ್ಯಕ್ಷತೆ ವಹಿಸಬಹುದು. ನಾನು ಮಾತ್ರ ಕಳೆದ ಆರು ತಿಂಗಳಿಂದ ಪ್ರತಿ ಶನಿವಾರ ದಾವಣಗೆರೆಯಲ್ಲಿ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ನನ್ನ ಅಕ್ಕನ ಮುಂದೆ ಕುಳಿತು ಕ್ರೋಶಾ ಹೆಣಿಗೆ ಕಲಿಯುತ್ತಿದ್ದೇನೆ. ನಗುವವರು ನಗಬಹುದು. ಬಸ್ಸಿನಲ್ಲಿ ನನ್ನ ಕೈಚೀಲದಿಂದ ದಾರದ ಉಂಡೆ ಉರುಳಿಬಿದ್ದಾಗ ನಕ್ಕ ಹಳೆಯ ಶಿಷ್ಯರೂ ಇದ್ದಾರೆ.

ಅಕ್ಕನಿಗೆ ಎಪ್ಪತ್ತು ದಾಟಿದೆ, ದೃಷ್ಟಿ ಮಂದವಾಗಿದೆ. ಒಂದು ದಿನ ತನ್ನ ಸೂಜಿಗಳನ್ನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ, "ಇನ್ನು ಇವು ನನ್ನ ಕೈಯಾಗೆ ನಿಲ್ಲಲ್ಲ. ಕಲಿಯೋರು ಯಾರಾದ್ರೂ ಸಿಕ್ಕರೆ ಕೊಟ್ಟುಬಿಡ್ತೀನಿ" ಎಂದಳು. ಮೊಮ್ಮಕ್ಕಳು ದೂರದೂರುಗಳಲ್ಲಿದ್ದಾರೆ. ಮಾತಿಗೆ ಮಾತೆಂದು "ನನಗೆ ಕಲಿಸು" ಎಂದುಬಿಟ್ಟೆ. ಅಕ್ಕ ನಗಲಿಲ್ಲ. ಡಬ್ಬಿ ತೆರೆದು, ಇದ್ದುದರಲ್ಲಿ ದಪ್ಪನೆಯ ಸೂಜಿಯನ್ನೂ ಬಿಳಿಯ ಉಲ್ಲನ್ನಿನ ಉಂಡೆಯನ್ನೂ ನನ್ನ ಮುಂದಿಟ್ಟಳು. ಹೊಸಬರಿಗೆ ದಪ್ಪ ದಾರ, ತಿಳಿ ಬಣ್ಣ. ಹೆಣೆದದ್ದು ಕಣ್ಣಿಗೆ ಕಾಣಬೇಕಲ್ಲ.

ಕ್ರೋಶೆ ಎಂಬುದು ಫ್ರೆಂಚ್ ಮಾತು. ಪುಟ್ಟ ಕೊಕ್ಕೆ ಎಂದು ಅದರ ಅರ್ಥ. ಕಣ್ಣಿನ ಕೆಲಸವನ್ನು ಕಿವಿಗೆ ಹೇಳುವುದು ಕಷ್ಟವೇ, ಆದರೂ ಪ್ರಯತ್ನಿಸುತ್ತೇನೆ. ಮೊದಲು ದಾರದ ತುದಿಯಲ್ಲಿ ಒಂದು ಜಾರುಗಂಟು. ಅದರ ಕುಣಿಕೆಯೊಳಗೆ ಸೂಜಿ. ಎಡಗೈಯ ತೋರುಬೆರಳ ಮೇಲಿನಿಂದ ಬರುವ ದಾರವನ್ನು ಸೂಜಿಗೆ ಒಮ್ಮೆ ಸುತ್ತಿ, ಕೊಕ್ಕೆಯಲ್ಲಿ ಹಿಡಿದು, ಆ ಕುಣಿಕೆಯೊಳಗಿಂದ ಈಚೆಗೆ ಎಳೆದರೆ ಒಂದು ಕೊಂಡಿ. ಇಂತಹ 20 ಕೊಂಡಿಗಳ ಸರಪಳಿಯೇ ನನ್ನ ಅಡಿಪಾಯ. ಅದರ ಮೇಲೆ ಕಂಬಗಳನ್ನು ನಿಲ್ಲಿಸಬೇಕು. ಒಂದು ಕೊಂಡಿಯೊಳಗೆ ಸೂಜಿ ತೂರಿಸಿ ದಾರ ಎಳೆದುಕೊಂಡರೆ ಸೂಜಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೇ ಎಳೆದರೆ ಗಿಡ್ಡ ಕಂಬ. ಎರಡು ಒಂದಾಗುವ ಈ ತತ್ತ್ವವನ್ನು ಹರಿಹರದಲ್ಲಿ ಕಲಿಯುವುದು ಉಚಿತವೇ ಸರಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಇನ್ನು, ಸೂಜಿ ತೂರಿಸುವ ಮೊದಲೇ ಒಂದು ಸುತ್ತು ದಾರ ಹಾಕಿಕೊಂಡರೆ ಕುಣಿಕೆಗಳು ಮೂರಾಗುತ್ತವೆ; ಅವನ್ನು ಎರಡೆರಡಾಗಿ ಎರಡು ಸಲ ಇಳಿಸಿದರೆ ಉದ್ದ ಕಂಬ.

ಇಂಗ್ಲಿಷ್ ಪುಸ್ತಕಗಳನ್ನು ನೋಡಿ ಕಲಿಯಹೊರಟರೆ ಗೊಂದಲ. ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಕ್ಕನ ಗಿಡ್ಡ ಕಂಬ, ಉದ್ದ ಕಂಬಗಳಿಗೆ ಅಂತಹ ತಕರಾರಿಲ್ಲ. ಪಾರಿಭಾಷಿಕ ಪದಗಳ ಬಗ್ಗೆ ಸಮಿತಿಗಳಲ್ಲಿ ಕುಳಿತು ವಾದಿಸಿದ ನನಗೆ ಇದು ಒಂದು ಪಾಠ.

ನನ್ನ ಮೊದಲ ತಪ್ಪು ಬಿಗಿತ. ದಾರವನ್ನು ಎಷ್ಟು ಬಿಗಿಯಾಗಿ ಎಳೆದೆನೆಂದರೆ, ಮರುಸಾಲಿನಲ್ಲಿ ಸೂಜಿ ತೂರಲು ಕಿಂಡಿಯೇ ಉಳಿಯಲಿಲ್ಲ. "ತಮ್ಮಾ, ದಾರದ ಕುತ್ತಿಗಿ ಹಿಸುಕಬ್ಯಾಡ, ಅದಕ್ಕೂ ಉಸಿರಾಡಾಕೆ ಜಾಗ ಬೇಕು" ಎಂದಳು ಅಕ್ಕ. ಎರಡನೆಯ ತಪ್ಪು ಸಾಲಿನ ಕೊನೆಯ ಕಂಬವನ್ನು ಬಿಟ್ಟುಬಿಡುವುದು. 20ರಿಂದ ಹೊರಟ ನನ್ನ ಚೌಕ ಹತ್ತನೆಯ ಸಾಲಿಗೆ 13ಕ್ಕಿಳಿದು ಗುಡಿಯ ಗೋಪುರದ ಆಕಾರ ತಾಳಿತ್ತು. ಸಾಲಿನ ಕೊನೆಯಲ್ಲಿ ಎಣಿಸಬೇಕು. ಎಣಿಸದೆ ಮುಂದಕ್ಕೆ ಹೋಗಕೂಡದು. ಛಂದಸ್ಸಿನಲ್ಲಿ ಮಾತ್ರೆ ಎಣಿಸಲು ಹುಡುಗರಿಗೆ ಗದರಿಸಿ ಕಲಿಸಿದವನು ನಾನೇ!

ಅಂದು ಅಷ್ಟನ್ನೂ ಬಿಚ್ಚುತ್ತ, ಬೇಸರದಿಂದ, "ಇಷ್ಟೆಲ್ಲ ಪುರುಸೊತ್ತು ನಿನಗೆ ಹೇಗೆ ಸಿಗುತ್ತಿತ್ತು ಅಕ್ಕ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಆಡಂಬರವೂ ಇಲ್ಲದೆ ಹೇಳಿದಳು: "ಪುರುಸೊತ್ತು ಎಲ್ಲಿತ್ತೋ? ನಿನ್ನ ಬಿ.ಎ. ಎರಡನೇ ವರ್ಷದ ಪರೀಕ್ಷೆ ಫೀಸು ಒಂದು ಟೇಬಲ್ ಕವರು. ಕೊನೇ ವರ್ಷದ್ದು ಎರಡು ಟೇಬಲ್ ಕವರು, ನಾಕು ಕೂಸಿನ ಟೊಪ್ಪಿಗಿ. ಅಪ್ಪ ಹೇಳಬ್ಯಾಡ ಅಂದಿದ್ರು."

ಆ ಹಣ ಅಪ್ಪನದೆಂದೇ ನಾನು ನಾಲ್ಕು ದಶಕಗಳಿಗೂ ಮೀರಿ ನಂಬಿದ್ದೆ. ರಜೆಗೆ ಹರಿಹರಕ್ಕೆ ಹೋದಾಗಲೆಲ್ಲ ಅಕ್ಕ ಬಾಗಿಲ ಬೆಳಕಿನಲ್ಲಿ ಕುಳಿತು ಹೆಣೆಯುತ್ತಿದ್ದುದನ್ನು ನೋಡಿದ್ದೇನೆ. ಹೊತ್ತುಹೋಗದ ಹೆಂಗಸರ ಹವ್ಯಾಸವೆಂದು ತಿಳಿದಿದ್ದೇನೆ. ಅದೇ ನಾನು ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಕದಿರ ರೆಮ್ಮವ್ವೆಯ ವಚನಗಳನ್ನು ಬೋಧಿಸಿದವನು. ನೂಲುವ ಕದಿರಿನಿಂದಲೇ ಅನುಭಾವದ ರೂಪಕ ಕಟ್ಟಿದ ಶರಣೆಯೆಂದು ಕೊಂಡಾಡಿ, ಕಾಯಕದ ಘನತೆಯನ್ನು ಗಂಟೆಗಟ್ಟಲೆ ವಿವರಿಸಿದವನು. ರೆಮ್ಮವ್ವೆಯ ಕದಿರು ಕಂಡಿತು. ಅಕ್ಕನ ಕೊಕ್ಕೆ ಕಾಣಲಿಲ್ಲ.

ಈ ಕುರುಡು ನನ್ನೊಬ್ಬನದಲ್ಲ. ಗೋದಾವರಿ ಸೀಮೆಯ ನರಸಾಪುರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಈ ಕಲೆಯನ್ನು ತಂದರು. ಅಲ್ಲಿನ ಹೆಂಗಸರನ್ನು ಕುರಿತು ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮನೆಗೆಲಸದ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯುವವರನ್ನು ಲೋಕ ಬರಿಯ ಗೃಹಿಣಿಯರೆಂದು ಕರೆಯಿತು, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದು ಬಗೆಯಿತು, ಆದ್ದರಿಂದಲೇ ಕೂಲಿಯೂ ಅಲ್ಪವಾಯಿತು ಎಂಬುದು ಅವರ ವಾದ. ಐರ್ಲೆಂಡಿನಲ್ಲಿ 1840ರ ದಶಕದ ಮಹಾಕ್ಷಾಮದಲ್ಲಿ ಎಷ್ಟೋ ಕುಟುಂಬಗಳಿಗೆ ಅನ್ನವಾದದ್ದು ಇದೇ ಕೊಕ್ಕೆಸೂಜಿ.

ನಮ್ಮ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳ ಕೂಗಿಗೆ ಊರು ಏಳುತ್ತಿತ್ತು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾಲುಚೀಲ ಹೆಣೆಯುವ ಯಂತ್ರವನ್ನು ವಿಲಿಯಂ ಲೀ 1589ರಲ್ಲೇ ಕಂಡುಹಿಡಿದ. ಕ್ರೋಶಾದ ಕಂಬವನ್ನು ಮಾತ್ರ ಇಂದಿಗೂ ಕೈಯೇ ನಿಲ್ಲಿಸಬೇಕು. ಇವತ್ತು ಮದುವೆಯ ಸೀರೆಗಳ ಸೆರಗಿಗೆ ಕ್ರೋಶಾ ಕುಚ್ಚು ಹಾಕಿ ಸಂಪಾದಿಸುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಕುಚ್ಚಿನ ಕೂಲಿಯನ್ನು ಚೌಕಾಸಿ ಮಾಡುವಾಗ, "ಮನೆಯಲ್ಲಿ ಕೂತು ಮಾಡುವ ಕೆಲಸ ತಾನೆ" ಎಂಬ ಮಾತು ಬಾಯಿಗೆ ಬಂದರೆ, ದಯವಿಟ್ಟು ಒಂದು ಸರಪಳಿಯನ್ನಾದರೂ ನೀವೇ ಹೆಣೆದು ನೋಡಿ.

ಈ ಹೆಣಿಗೆಯಲ್ಲಿ ಒಂದು ಔದಾರ್ಯವಿದೆ. ಸೂಜಿಯ ಮೇಲೆ ಕೊನೆಗೆ ಉಳಿಯುವುದು ಒಂದೇ ಕುಣಿಕೆ. ಸೂಜಿ ತೆಗೆದು ದಾರ ಎಳೆದರೆ, ತಪ್ಪಿದ ಜಾಗದವರೆಗೂ ಎಲ್ಲವೂ ಬಿಚ್ಚಿಕೊಂಡು, ದಾರ ತುಂಡಾಗದೆ ಮರಳಿ ಕೈಗೆ ಬರುತ್ತದೆ. ಬಾಳಿನಲ್ಲಿ ಹಾಗಲ್ಲ. ಅಕ್ಕ ಹೆಣೆದುಕೊಟ್ಟ ವರ್ಷಗಳನ್ನು ನಾನು ಬಿಚ್ಚಿ ಮರಳಿಸಲಾರೆ.

ಕಳೆದ ಶನಿವಾರ ನನ್ನ ಚೌಕ ಮುಗಿಯಿತು. ಅಂಚು ನೆಟ್ಟಗಿತ್ತು, ಕೊನೆಯ ಸಾಲಿನಲ್ಲಿ ಸರಿಯಾಗಿ 20 ಕಂಬಗಳಿದ್ದವು. ಹೆಮ್ಮೆಯಿಂದ ಅಕ್ಕನ ಕೈಗಿತ್ತೆ. ಅವಳಿಗೆ ಕಣ್ಣು ಸಾಲದು, ಸಾಲುಸಾಲಾಗಿ ಬೆರಳಾಡಿಸಿದಳು. ಏಳನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲಿ ಒಂದು ಬಿಟ್ಟೀಯ. ಮುಂದಿನ ಸಾಲಿನಾಗೆ ಒಂದು ಹೆಚ್ಚಿಗೆ ಹಾಕಿ ಲೆಕ್ಕ ಸರಿ ಮಾಡೀಯ. ಬಿಚ್ಚು."

ಬಿಚ್ಚಿದೆ. ಬರುವ ಶನಿವಾರ ಮತ್ತೆ ಏಳನೆಯ ಸಾಲಿನಿಂದ ಪಾಠ.