ಮನೆ ಬಿಡದವನ ಕಥೆ: ಎಂ. ಎಸ್. ಸತ್ಯು ಅವರ ಬದುಕು ಮತ್ತು ಚಿತ್ರಗಳು

(ಡೊಂಬಿವಲಿಯಲ್ಲಿ ಸಂಘದ ಸದಸ್ಯರೆದುರು ಮಾಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ ಮೈಸೂರಿನಿಂದ ಮುಂಬಯಿಗೆ ಬಂದ ಒಬ್ಬ ಚಿತ್ರ ನಿರ್ದೇಶಕರದು. ಆದರೆ ನಾನು ದೂರದ ತುರ್ಕಿಯಿಂದ ಆರಂಭಿಸುತ್ತೇನೆ. ಅಲ್ಲಿ ಯಿಲ್ಮಾಜ್ ಗುನೆ ಎಂಬ ಕುರ್ದ್ ಮೂಲದ ನಟ, ನಿರ್ದೇಶಕನಿದ್ದ. 1937ರಲ್ಲಿ ಅದಾನಾ ಪ್ರಾಂತದ ಬಡ ಕುಟುಂಬದಲ್ಲಿ ಹುಟ್ಟಿದವನು. ಜನಪ್ರಿಯ ನಾಯಕನಟನಾದ ಮೇಲೆ ಬಡವರ ಬದುಕನ್ನು ತೆರೆಗೆ ತಂದ. 1970ರ ಆತನ 'ಉಮುತ್' ಚಿತ್ರವನ್ನು ಸರ್ಕಾರ ನಿಷೇಧಿಸಿತು. 1974ರಲ್ಲಿ ಒಬ್ಬ ನ್ಯಾಯಾಧೀಶರ ಕೊಲೆಯ ಆರೋಪದಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆ ಸೇರಿದ. ಒಳಗಿನಿಂದಲೇ ಚಿತ್ರಕಥೆ ಬರೆದು, ಸೂಚನೆಗಳನ್ನು ಕಳುಹಿಸಿ, ಹೊರಗಿನ ಸಹೋದ್ಯೋಗಿಗಳ ಕೈಯಿಂದ ಚಿತ್ರ ಮಾಡಿಸಿದ. ಹಾಗೆ ಶೆರಿಫ್ ಗೊರೆನ್ ಚಿತ್ರೀಕರಿಸಿದ 'ಯೋಲ್' 1982ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಕೋಸ್ತಾ ಗಾವ್ರಾಸರ 'ಮಿಸ್ಸಿಂಗ್' ಚಿತ್ರದೊಡನೆ ಹಂಚಿಕೊಂಡಿತು. ಅಷ್ಟರಲ್ಲಿ ಗುನೆ ಸೆರೆಯಿಂದ ತಪ್ಪಿಸಿಕೊಂಡು ದೇಶ ಬಿಟ್ಟಿದ್ದ. 1984ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. 'ಯೋಲ್' ತುರ್ಕಿಯ ಪ್ರೇಕ್ಷಕರಿಗೆ ಬಹಿರಂಗವಾಗಿ ಕಾಣಿಸಿದ್ದು 1999ರಲ್ಲಿ.

ತನ್ನದೇ ರಾಜ್ಯವಿಲ್ಲದ ಒಂದು ಜನಾಂಗಕ್ಕೆ ಬೆಳ್ಳಿತೆರೆಯೇ ಒಂದು ವಿಳಾಸವಾಗಬಲ್ಲದು ಎಂಬುದನ್ನು ಗುನೆಯ ಬದುಕು ತೋರಿಸುತ್ತದೆ. ನಮ್ಮವರಲ್ಲಿ ಈ ಬಗೆಯ ಕೆಲಸ ಮಾಡಿದವರಾರು ಎಂದು ಯೋಚಿಸಿದಾಗ ನನಗೆ ಹೊಳೆದ ಹೆಸರು ಮೈಸೂರು ಶ್ರೀನಿವಾಸ ಸತ್ಯು. ಇಬ್ಬರ ಬದುಕೂ ಒಂದೇ ಎಂದು ನಾನು ಹೇಳುತ್ತಿಲ್ಲ. ಸತ್ಯು ಸೆರೆಮನೆ ಕಂಡವರಲ್ಲ, ದೇಶಭ್ರಷ್ಟರಾದವರಲ್ಲ. ಗುನೆ ತನ್ನ ಜನರ ನೋವನ್ನು ಹೇಳಿದ. ಸತ್ಯು ಹೇಳಿದ್ದು ಇನ್ನೊಬ್ಬರ ನೋವನ್ನು. ಅದೂ ತಮ್ಮದಲ್ಲದ ಭಾಷೆಯಲ್ಲಿ. ನನಗೆ ಮುಖ್ಯವಾಗಿ ಕಾಣುವುದು ಈ ವ್ಯತ್ಯಾಸವೇ.

1930ರ ಜುಲೈ 6ರಂದು ಮೈಸೂರಿನಲ್ಲಿ ಜನಿಸಿದ ಸತ್ಯು, ಬಿ.ಎಸ್ಸಿ. ಓದನ್ನು ಅರ್ಧಕ್ಕೆ ಬಿಟ್ಟು 1952ರಲ್ಲಿ ಮುಂಬಯಿಗೆ ಬಂದರು. ಕೆಲಕಾಲ ಆ್ಯನಿಮೇಷನ್ ಕೆಲಸ ಮಾಡಿದರು. ಅನಂತರ ಸುಮಾರು ನಾಲ್ಕು ವರ್ಷ ಕೆಲಸವಿಲ್ಲ. ಈ ಊರಿಗೆ ಟ್ರಂಕು ಹಿಡಿದು ಬಂದಿಳಿದ ನಮ್ಮ ಹಿರಿಯರನೇಕರಿಗೆ ಆ ನಾಲ್ಕು ವರ್ಷಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಚೇತನ್ ಆನಂದರ ಬಳಿ ಸಹಾಯಕ ನಿರ್ದೇಶಕನಾಗಿ ಸಂಬಳದ ಕೆಲಸ ಸಿಕ್ಕಿತು. ಅವರ 'ಹಕೀಕತ್' (1964) ಚಿತ್ರದ ಕಲಾ ನಿರ್ದೇಶನಕ್ಕೆ ಸತ್ಯು ಫಿಲಂಫೇರ್ ಪ್ರಶಸ್ತಿ ಪಡೆದರು. ರಂಗಭೂಮಿ ಅವರ ಇನ್ನೊಂದು ಮನೆ. ದಿಲ್ಲಿಯ ಹಿಂದೂಸ್ತಾನಿ ಥಿಯೇಟರಿನಲ್ಲಿ, ಮುಂಬಯಿಯ ಇಪ್ಟಾದಲ್ಲಿ ಅವರು ನಿರ್ದೇಶನ, ರಂಗವಿನ್ಯಾಸಗಳಲ್ಲಿ ದುಡಿದರು. ಬಾಳಸಂಗಾತಿಯಾದ ಶಮಾ ಜೈದಿ ಅವರೂ ಈ ರಂಗವಲಯದವರೇ.

ಇನ್ನು 'ಗರ್ಮ್ ಹವಾ'. ಸತ್ಯು ಒಪ್ಪಿಸಿದ ಮೊದಲ ಚಿತ್ರಕಥೆಯನ್ನು ಫಿಲಂ ಫೈನಾನ್ಸ್ ಕಾರ್ಪೊರೇಷನ್ ತಿರಸ್ಕರಿಸಿತು. ಎರಡನೆಯದಾಗಿ ಅವರು ಕೊಟ್ಟದ್ದು ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಸಿದ್ಧಪಡಿಸಿದ ಚಿತ್ರಕಥೆ. ನಿಗಮದಿಂದ ದೊರೆತ ಸಾಲ ಎರಡೂವರೆ ಲಕ್ಷ ರೂಪಾಯಿ. ಉಳಿದುದನ್ನು ಸ್ನೇಹಿತರಿಂದ ಕೈಗಡ ತಂದರು. ಚಿತ್ರೀಕರಣ ಆಗ್ರಾದಲ್ಲಿ. ಇದ್ದದ್ದು ಒಂದೇ ಕ್ಯಾಮರಾ. ಧ್ವನಿಮುದ್ರಣದ ಸಲಕರಣೆಗೆ ಹಣವಿಲ್ಲದೆ ಮಾತುಗಳನ್ನೆಲ್ಲ ಅನಂತರ ಮುಂಬಯಿಯಲ್ಲಿ ಸೇರಿಸಿದರು. ವಿಷಯ ಸೂಕ್ಷ್ಮವಾದುದರಿಂದ ಊರಿನಲ್ಲಿ ಪ್ರತಿಭಟನೆಗಳಾದವು. ಆಗ ಫಿಲಂ ತುಂಬದ ಕ್ಯಾಮರಾದೊಡನೆ ಒಂದು ಹುಸಿ ತಂಡವನ್ನು ಬೇರೆ ಕಡೆ ಕಳುಹಿಸಿ, ಗುಂಪಿನ ಗಮನವನ್ನು ಅತ್ತ ಸೆಳೆದು, ಇತ್ತ ನಿಜವಾದ ಕೆಲಸ ಮುಗಿಸಿದರು!

ಕಥೆ ಸರಳ. ಆಗ್ರಾದ ಸಲೀಂ ಮಿರ್ಜಾ ಪಾದರಕ್ಷೆ ತಯಾರಿಸುವ ವ್ಯಾಪಾರಿ. ದೇಶ ವಿಭಜನೆಯಾಗಿದೆ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ರೈಲು ಹತ್ತುತ್ತಿದ್ದಾರೆ. ಮಿರ್ಜಾ ಹೋಗಲಾರ. ಪೂರ್ವಿಕರ ಹವೇಲಿ ಅಣ್ಣನ ಹೆಸರಿನಲ್ಲಿತ್ತು. ಅಣ್ಣ ದೇಶ ಬಿಟ್ಟುದರಿಂದ ಅದು ನಿರ್ವಸಿತರ ಆಸ್ತಿಯೆಂದು ಸರ್ಕಾರದ ವಶವಾಗಿ, ಸಿಂಧ್ ಪ್ರಾಂತದಿಂದ ಬಂದ ಅಜ್ಮಾನಿ ಎಂಬ ವ್ಯಾಪಾರಿಗೆ ಹಂಚಿಕೆಯಾಗುತ್ತದೆ. ಮುಪ್ಪಿನ ತಾಯಿ ಮನೆ ಬಿಡಲೊಲ್ಲಳು. ಆಕೆಯ ಕೊನೆಯುಸಿರಿನ ಹೊತ್ತಿಗೆ ಪಲ್ಲಕ್ಕಿಯಲ್ಲಿ ಹೊತ್ತು ಮತ್ತೆ ಆ ಮನೆಗೆ ತರುತ್ತಾರೆ. ಮಗಳು ಅಮೀನಾ ಎರಡು ಬಾರಿ ಆಶಾಭಂಗವಾಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಬ್ಯಾಂಕು ಸಾಲ ಕೊಡುವುದಿಲ್ಲ, ಬಾಡಿಗೆಗೆ ಮನೆ ಸುಲಭವಾಗಿ ಸಿಗುವುದಿಲ್ಲ. ಕಟ್ಟಕಡೆಗೆ ಮಿರ್ಜಾನೂ ಸೋತು ಟಾಂಗಾ ಹತ್ತುತ್ತಾನೆ. ದಾರಿಯಲ್ಲಿ ಕೆಲಸಕ್ಕಾಗಿ, ಅನ್ನಕ್ಕಾಗಿ ಜನರ ಮೆರವಣಿಗೆ ಬರುತ್ತದೆ. ಮಗ ಸಿಕಂದರ್ ಇಳಿದು ಅದರಲ್ಲಿ ಸೇರುತ್ತಾನೆ. ತಂದೆಯೂ ಟಾಂಗಾವನ್ನು ಮನೆಗೆ ಹಿಂದಿರುಗಿಸಿ ಆ ಗುಂಪಿನಲ್ಲೊಬ್ಬನಾಗುತ್ತಾನೆ.

ಮಿರ್ಜಾನ ಪಾತ್ರ ಬಲರಾಜ್ ಸಾಹನಿ ಅವರದು. ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ಅವರು ನಿಧನರಾದರು. ಚಿತ್ರದ ಬಿಡುಗಡೆಯನ್ನು ಅವರು ನೋಡಲೇ ಇಲ್ಲ. ಮಗನ ಪಾತ್ರದಲ್ಲಿ ಫಾರೂಕ್ ಶೇಖ್ ಚಿತ್ರರಂಗ ಪ್ರವೇಶಿಸಿದರು.

ಕೋಮುಗಲಭೆಯ ಭಯ ಮುಂದೊಡ್ಡಿ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಸತ್ಯು ಮಂತ್ರಿಗಳಿಗೆ, ಪತ್ರಕರ್ತರಿಗೆ, ನಾಯಕರಿಗೆ ಚಿತ್ರ ತೋರಿಸುತ್ತ ಅಲೆದರು. ವಿಷಯ ಪ್ರಧಾನಿ ಇಂದಿರಾ ಗಾಂಧಿಯವರ ತನಕ ಹೋಯಿತು. ನಾವು ಹೆಮ್ಮೆಪಡಬಹುದಾದ ಸಂಗತಿಯೆಂದರೆ, 1974ರಲ್ಲಿ ಈ ಉರ್ದು ಚಿತ್ರ ಮೊದಲು ಬಿಡುಗಡೆಯಾದುದು ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ. ಗಲಭೆಯೇನೂ ಆಗಲಿಲ್ಲ. ಅದೇ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಒಡಕು ತರುವುದೆಂದು ತಡೆದ ಚಿತ್ರಕ್ಕೇ ಐಕ್ಯದ ಪ್ರಶಸ್ತಿ! 1975ರಲ್ಲಿ ಸತ್ಯು ಪದ್ಮಶ್ರೀ ಪುರಸ್ಕೃತರಾದರು. 2014ರ ನವೆಂಬರಿನಲ್ಲಿ ಚಿತ್ರವನ್ನು ಜೀರ್ಣೋದ್ಧಾರಗೊಳಿಸಿ ಮತ್ತೆ ತೆರೆಗೆ ತಂದರು.

ಈ ಕಥೆಗೆ ಡೊಂಬಿವಲಿಯಲ್ಲಿ ಕುಳಿತ ನಮಗೂ ಸಂಬಂಧವಿದೆ. ಅಜ್ಮಾನಿಯಂಥ ಸಿಂಧಿ ನಿರಾಶ್ರಿತರು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿದುದು ಕಲ್ಯಾಣದ ಪಕ್ಕದ ಸೈನಿಕ ಶಿಬಿರಕ್ಕೆ. 1949ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಅಡಿಗಲ್ಲಿಟ್ಟ ಆ ಊರೇ ಉಲ್ಹಾಸನಗರ. ಅಲ್ಲಿಂದ ತುಸು ದೂರದ ಭಿವಂಡಿ 1970ರಲ್ಲಿಯೂ 1984ರಲ್ಲಿಯೂ ಕೋಮುದಳ್ಳುರಿಯಲ್ಲಿ ಬೆಂದಿತು. ಮಿರ್ಜಾನ ಆಗ್ರಾ ನಮ್ಮ ಗಾಡಿ ಹಾದುಹೋಗುವ ನಿಲ್ದಾಣಗಳ ಆಚೆಗೇ ಇದೆ. ಗಮನಿಸಬೇಕಾದುದೆಂದರೆ ಸತ್ಯು ಅಜ್ಮಾನಿಯನ್ನು ಖಳನನ್ನಾಗಿ ಮಾಡಲಿಲ್ಲ. ಎ. ಕೆ. ಹಂಗಲ್ ಅಭಿನಯಿಸಿದ ಆ ವ್ಯಕ್ತಿಯೂ ಮನೆ ಕಳೆದುಕೊಂಡು ಬಂದವನೇ.

ಸತ್ಯು ಕನ್ನಡವನ್ನು ಮರೆತವರಲ್ಲ. 'ಕನ್ನೇಶ್ವರ ರಾಮ' (1977), ರಾಜಕೀಯ ವಿಡಂಬನೆಯಾದ 'ಚಿತೆಗೂ ಚಿಂತೆ' (1978), ಅನಂತಮೂರ್ತಿಯವರ ಕಥೆಯನ್ನಾಧರಿಸಿದ 'ಬರ', ಬಹುಕಾಲದ ನಂತರ 'ಇಜ್ಜೋಡು' (2010), ಇವೆಲ್ಲ ಅವರ ಕನ್ನಡ ಚಿತ್ರಗಳು. ಇವುಗಳಲ್ಲಿ 'ಬರ' ನನ್ನಂಥ ಸರ್ಕಾರಿ ನೌಕರನನ್ನು ಕಲಕಿದ ಚಿತ್ರ. ಅನಂತನಾಗ್ ಅಭಿನಯಿಸಿದ ಜಿಲ್ಲಾಧಿಕಾರಿ ಪ್ರಾಮಾಣಿಕ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಿದರೆ ಜನಕ್ಕೆ ಅನ್ನ ಸಿಗುತ್ತದೆ. ಆದರೆ ಆ ಒಂದು ಸಹಿ ರಾಜಕೀಯದ ಲೆಕ್ಕಾಚಾರದಲ್ಲಿ ಸಿಲುಕಿಕೊಳ್ಳುತ್ತದೆ. ಮೂವತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ಗೊತ್ತು: ಮಿರ್ಜಾನ ಹವೇಲಿಯನ್ನು ಕಸಿದದ್ದೂ ಒಂದು ಕಡತವೇ. ಅದಕ್ಕೆ ಸಹಿ ಹಾಕಿದವನು ದುಷ್ಟನಾಗಿರಲಾರ. ನನ್ನಂತೆಯೇ ನಿಯಮ ಓದಿ, ಸಂಜೆ ಮನೆಗೆ ಹೋದವನಾಗಿರಬೇಕು. ಈ ಯೋಚನೆ ಬಂದಂದಿನಿಂದ ಅರ್ಜಿಯನ್ನು ಬದಿಗಿಡುವ ಮುನ್ನ ಅರ್ಜಿದಾರನ ಹೆಸರನ್ನು ಇನ್ನೊಮ್ಮೆ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಒಂದು ಸ್ವಂತ ಮಾತು. ನನ್ನ ನಿವೃತ್ತಿ ಸಮೀಪಿಸುತ್ತಿದೆ. ಇಲ್ಲಿನ ಮನೆ ಮಾರಿ ಧಾರವಾಡಕ್ಕೆ ಹಿಂದಿರುಗುವ ಮಾತು ಮನೆಯಲ್ಲಿ ಎದ್ದಿತು. ಆಗ ಮಗಳು ಕೇಳಿದಳು: "ಅಪ್ಪಾ, ನೀವು ಹಿಂದಿರುಗುತ್ತೀರಿ ಸರಿ. ಇಲ್ಲೇ ಹುಟ್ಟಿದ ನಾನು ಎಲ್ಲಿಗೆ ಹಿಂದಿರುಗಲಿ?" ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ವಲಸೆಯನ್ನು ವಿಭಜನೆಯ ಸಂಕಟಕ್ಕೆ ಹೋಲಿಸುವುದು ತಪ್ಪು. ನಾವು ಸಂಬಳಕ್ಕಾಗಿ ಬಂದವರು, ನಮ್ಮನ್ನು ಯಾರೂ ಅಟ್ಟಲಿಲ್ಲ. ಆದರೂ "ನಿಮ್ಮೂರಿಗೆ ಯಾವಾಗ ಹೋಗುತ್ತೀರಿ?" ಎಂಬ ಪ್ರಶ್ನೆಯನ್ನು ನಾವೂ ಕೇಳಿಸಿಕೊಂಡಿದ್ದೇವೆ. ಮಿರ್ಜಾ ಈ ಪ್ರಶ್ನೆಗೆ ವಾದದಿಂದ ಉತ್ತರಿಸಲಿಲ್ಲ. ಸುತ್ತಲಿನವರ ಕಷ್ಟದಲ್ಲಿ ಹೆಜ್ಜೆ ಸೇರಿಸಿ ಆ ಊರನ್ನು ತನ್ನದಾಗಿಸಿಕೊಂಡ.

ಹೊರನಾಡ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡುತ್ತವೆ, ಯಕ್ಷಗಾನ ಏರ್ಪಡಿಸುತ್ತವೆ. ಅವೆಲ್ಲ ಬೇಕು. ಆದರೆ ಕನ್ನಡಿಗನೊಬ್ಬ ನೆರೆಯವನ ದುಃಖವನ್ನು ನೆರೆಯವನ ಭಾಷೆಯಲ್ಲಿ ಆಡಿ ತೋರಿಸಿದ್ದೂ ಕನ್ನಡದ ಕೆಲಸವೇ ಎಂದು ನಾವು ಎಣಿಸಬೇಕು. ನಮ್ಮ ಸಂಘ ವರ್ಷಕ್ಕೊಮ್ಮೆಯಾದರೂ 'ಗರ್ಮ್ ಹವಾ', 'ಬರ'ದಂಥ ಚಿತ್ರವನ್ನು ತೋರಿಸಲಿ. ಆ ದಿನ ಮರಾಠಿ, ಸಿಂಧಿ, ಉರ್ದು ನೆರೆಯವರನ್ನೂ ಆಹ್ವಾನಿಸಲಿ. ಕುರ್ಚಿಗಳನ್ನು ಜೋಡಿಸುವ ಕೆಲಸಕ್ಕೆ ಮಗಳೊಡನೆ ನಾನು ಮೊದಲು ಬರುತ್ತೇನೆ.