ದ್ವೀಪದ ಟಂಕಸಾಲೆ ಮತ್ತು ನಮ್ಮ ಠೇವಣಿ

(ದೊಡ್ಡಬೆಳವಂಗಲದಲ್ಲಿ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಿಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನೋಟನ್ನು ತೆಗೆದು ನೋಡಿ. ಅದರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ ಇದೆ. ನೋಟಿಗೆ ಹೊಣೆ ನಿಲ್ಲುವುದು, ಬ್ಯಾಂಕುಗಳ ಮೇಲೆ ಕಣ್ಣಿಡುವುದು ಕೇಂದ್ರ ಬ್ಯಾಂಕಿನ ಕೆಲಸ. ನಮ್ಮ ದೇಶದಲ್ಲಿ ಅದು ಆರಂಭವಾದದ್ದು 1935ರ ಏಪ್ರಿಲ್ 1ರಂದು. ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು ಹಣಕ್ಕೆ ಹೊಣೆ ನಿಲ್ಲುವ ಕೆಲಸ ಕಾವೇರಿ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ನಡೆಯುತ್ತಿತ್ತು. ಅದೇ ಶ್ರೀರಂಗಪಟ್ಟಣ. ಅಲ್ಲಿಂದ ಆಳಿದವರು ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು.

ಬೆಂಗಳೂರು, ನಗರ, ಚಿತ್ರದುರ್ಗಗಳಲ್ಲೂ ಟಂಕಸಾಲೆಗಳಿದ್ದವು. ಆದರೆ ಮುಖ್ಯವಾದದ್ದು ಈ ದ್ವೀಪದ್ದೇ. ನಾಣ್ಯಗಳ ಹೆಸರು ಕೇಳಿ: ಚಿನ್ನದ ಅಹ್ಮದಿ, ಸಿದ್ದೀಕಿ, ಫಾರೂಕಿ, ಎರಡು ರೂಪಾಯಿಯ ಬೆಳ್ಳಿ ನಾಣ್ಯ ಹೈದರಿ, ಒಂದು ರೂಪಾಯಿಗೆ ಇಮಾಮಿ. ತಾಮ್ರದ ಪೈಸೆಗೆ ಜೊಹ್ರಾ, ಅಂದರೆ ಶುಕ್ರ ಗ್ರಹ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಪೈಸೆಯ ಒಂದು ಬದಿಯಲ್ಲಿ ಆನೆ. 1787ರ ಸುಮಾರಿಗೆ ಸುಲ್ತಾನರು ಮೌಲೂದಿ ಎಂಬ ಹೊಸ ಶಕೆಯನ್ನು ತಂದು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದರು. ಉರ್ದು ಬಲ್ಲ ನಮ್ಮ ಮಕ್ಕಳೂ ಇಲ್ಲಿ ಎಡವುತ್ತಾರೆ, ಏಕೆಂದರೆ ಉರ್ದುವಿನಲ್ಲಿ ಅಕ್ಷರ ಬಲದಿಂದ ಬಂದರೂ ಅಂಕಿ ಎಡದಿಂದಲೇ!

1790ರ ದಶಕದಲ್ಲಿ ಸುಲ್ತಾನರು ಸರ್ಕಾರಿ ವ್ಯಾಪಾರಕ್ಕೆ ಪ್ರಜೆಗಳಿಂದ ಠೇವಣಿ ಕರೆದರು. 500 ಇಮಾಮಿವರೆಗೆ ಕೊಟ್ಟವರಿಗೆ ವರ್ಷಕ್ಕೆ ಶೇ. 50 ಲಾಭ, 5000ದವರೆಗೆ ಶೇ. 25, ಅದಕ್ಕೂ ಹೆಚ್ಚಿನದಕ್ಕೆ ಶೇ. 12 ಎಂದು ನಿಯಮ. ಬಡವನಿಗೇ ಹೆಚ್ಚು ಪಾಲು ಎಂಬ ಈ ಎಣಿಕೆ ನನಗೆ ಬಹಳ ಹಿಡಿಸಿದೆ. ಆದರೆ ಎಲ್ಲಕ್ಕೂ ಹೊಣೆ ಒಬ್ಬ ಅರಸರೇ. 1799ರ ಮೇ 4ರಂದು ಅವರು ಯುದ್ಧದಲ್ಲಿ ಮಡಿದಾಗ ಆ ಹೊಣೆಯೂ ಹೋಯಿತು.

ಇಂದು ಯಾರಾದರೂ ಅಷ್ಟು ಲಾಭ ಕೊಡುತ್ತೇವೆ ಎಂದರೆ ಹೊಣೆ ಯಾರದೆಂದು ಕೇಳಿ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಪಡೆದ ಕಂಪನಿಯೊಂದು ಮುಳುಗಿ, ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು ಮಗಳ ಮದುವೆಗೆ, ಮಗನ ಓದಿಗೆ ಕೂಡಿಟ್ಟದ್ದನ್ನು ಕಳೆದುಕೊಂಡವು. ಬ್ಯಾಂಕಿನಲ್ಲಿಟ್ಟ ಹಣಕ್ಕಾದರೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು. ವಿಮೆ ನೀಡುವುದು ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆ. ಬಡ್ಡಿ ಬೇಡವೆನ್ನುವವರು ಚಾಲ್ತಿ ಖಾತೆ ತೆರೆಯಬಹುದು, ಅದಕ್ಕೆ ಬಡ್ಡಿ ಬರುವುದಿಲ್ಲ, ವಿಮೆ ಮಾತ್ರ ಇರುತ್ತದೆ. ಠೇವಣಿ ಕೇಳುವ ಸಂಸ್ಥೆಗೆ ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ನೋಡಬಹುದು. ವಿದ್ಯಾರ್ಥಿಗಳೇ, ಅಮ್ಮನಿಗೆ, ನಾನಿಗೆ ಅದನ್ನು ನೀವೇ ತೆರೆದು ಓದಿ ಹೇಳಿ.